ಸನ್ನತಿಯ ಶಾಸನ ಮತ್ತು ಕಾವಲಿನ ನೀತಿ: ನಾಲವಾರ ಪರಿಸರದ ಒಂದು ಅಧ್ಯಯನ

ವಾಡಿ-ರಾಯಚೂರು ರೈಲುಮಾರ್ಗದ ಮೇಲಿರುವ ನಾಲವಾರವು ಕೋರಿಸಿದ್ಧೇಶ್ವರ ಮಠದಿಂದಲೂ ಅದರ ಜಾತ್ರೆಯ ತನಾರತಿಯಿಂದಲೂ ಹೆಸರಾದ ಊರು. ಭೀಮಾ ನದಿಯ ದಂಡೆಯ ಸನ್ನತಿಗೆ ಹೋಗುವ ಭಕ್ತರೂ ಸಂಶೋಧಕರೂ ರೈಲಿನಿಂದ ಇಳಿಯುವುದು ಇಲ್ಲಿಯೇ. ಪೊಲೀಸ್ ವ್ಯವಸ್ಥೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಬ್ರಿಟಿಷ್ ಭಾರತದ 1861ರ ಪೊಲೀಸ್ ಕಾಯ್ದೆಯಿಂದಲೋ, ಹೈದರಾಬಾದ್ ಸಂಸ್ಥಾನದ ಮಟ್ಟಿಗೆ ಮೊದಲನೆಯ ಸಾಲಾರ್ ಜಂಗರ ಸುಧಾರಣೆಗಳಿಂದಲೋ ಆರಂಭಿಸುತ್ತಾರೆ. ಆದರೆ ಅಧಿಕಾರ ಹಿಡಿದವನು ಜನರೊಡನೆ ಹೇಗೆ ನಡೆದುಕೊಳ್ಳಬೇಕು, ಅವನು ಎಡವುವುದು ಯಾವ ಕಾರಣದಿಂದ ಎಂಬ ಪ್ರಶ್ನೆಯನ್ನು ಎತ್ತಿದ ದಾಖಲೆಯೊಂದು ಇದೇ ಪರಿಸರದ ಕಲ್ಲಿನಲ್ಲಿ ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದಲೂ ಇದೆ. ಆ ದಾಖಲೆಯ ಬೆಳಕಿನಲ್ಲಿ ಈ ಭಾಗದ ಕಾವಲು ಪದ್ಧತಿಯ ಬೆಳವಣಿಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದೇವಿಯ ಪೀಠದ ಅಡಿಯ ಅಕ್ಷರಗಳು

ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿ ಗುಡಿಯ ಛಾವಣಿ 1986ರಲ್ಲಿ ಕುಸಿಯಿತು. ಅನಂತರದ ಕಾರ್ಯದಲ್ಲಿ, ದೇವಿಯ ವಿಗ್ರಹಕ್ಕೆ ಪೀಠವಾಗಿ ಬಳಕೆಯಾಗಿದ್ದ ಚಪ್ಪಡಿಯು ಅಶೋಕನ ಶಾಸನವೆಂಬುದು 1989ರಲ್ಲಿ ಬೆಳಕಿಗೆ ಬಂದಿತು. ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಈ ಚಪ್ಪಡಿಯ ಒಂದು ಮುಖದಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆ ಶಾಸನಗಳೂ, ಇನ್ನೊಂದು ಮುಖದಲ್ಲಿ ವಿದ್ವಾಂಸರು ‘ಪ್ರತ್ಯೇಕ ಶಾಸನ’ಗಳೆಂದು ಕರೆಯುವ ಎರಡು ಪಾಠಗಳೂ ಇವೆ. ವಿಗ್ರಹವನ್ನು ನಿಲ್ಲಿಸಲು ಚಪ್ಪಡಿಯ ನಡುವೆ ರಂಧ್ರ ಕೊರೆದುದರಿಂದ ಅಕ್ಷರಗಳು ಹಲವೆಡೆ ನಷ್ಟವಾಗಿವೆ. ಆದ್ದರಿಂದ ಇವನ್ನು ಒಡಿಶಾದ ಧೌಲಿ ಮತ್ತು ಜೌಗಡದ ಪಾಠಗಳ ನೆರವಿನಿಂದಲೇ ಓದಬೇಕಾಗುತ್ತದೆ.

ಸನ್ನತಿಯ ಶೋಧಕ್ಕೆ ಮೊದಲು ಪ್ರತ್ಯೇಕ ಶಾಸನಗಳು ಆ ಎರಡು ಸ್ಥಳಗಳಲ್ಲಿ ಮಾತ್ರ ತಿಳಿದಿದ್ದವು. ಯುದ್ಧದಿಂದ ನೊಂದ ಕಳಿಂಗದ ಜನತೆಯನ್ನು ಸಂತೈಸಲು ಅವನ್ನು ಬರೆಸಲಾಯಿತು ಎಂಬ ವಿವರಣೆ ರೂಢಿಯಲ್ಲಿತ್ತು. ಭೀಮಾ ತೀರದಲ್ಲಿಯೂ ಅವು ದೊರೆತ ಮೇಲೆ ಆ ವಿವರಣೆ ಸಾಲದಾಯಿತು. ಅಧಿಕಾರಿಗಳ ನಡತೆಯ ಪ್ರಶ್ನೆ ಕಳಿಂಗಕ್ಕೆ ಸೀಮಿತವಾಗಿರದೆ ದಕ್ಷಿಣದ ಈ ನೆಲಕ್ಕೂ ಅನ್ವಯಿಸುತ್ತಿತ್ತು ಎಂದು ಭಾವಿಸಲು ಅವಕಾಶವಿದೆ.

ಮೊದಲನೆಯ ಪ್ರತ್ಯೇಕ ಶಾಸನವು ಧೌಲಿಯ ಪಾಠದಲ್ಲಿ ನಗರದ ನ್ಯಾಯ ಮತ್ತು ವ್ಯವಹಾರಗಳನ್ನು ನೋಡಿಕೊಳ್ಳುವ ಮಹಾಮಾತ್ರರನ್ನು ಉದ್ದೇಶಿಸಿದೆ. ಇವರನ್ನು ಇಂದಿನ ಅರ್ಥದ ಪೊಲೀಸರೆಂದು ಕರೆಯುವುದು ಸರಿಯಲ್ಲ. ನ್ಯಾಯ, ಬಂಧನ ಮತ್ತು ಆಡಳಿತ ಅಂದು ಒಂದೇ ಕೈಯಲ್ಲಿದ್ದವು. ಆದರೆ ಶಾಸನದ ಆತಂಕ ಇಂದಿನ ಠಾಣೆಗೂ ಪರಿಚಿತವಾದುದೇ. ವಿನಾಕಾರಣ ಸೆರೆವಾಸವನ್ನೂ ಹಿಂಸೆಯನ್ನೂ ಅನುಭವಿಸುವವರಿದ್ದಾರೆ. ಅದರಿಂದ ಅವರ ಹಿಂದಿರುವ ಅನೇಕರೂ ನೋಯುತ್ತಾರೆ ಎಂಬ ಎಚ್ಚರಿಕೆಯನ್ನು ಅದು ನೀಡುತ್ತದೆ. ಬಳಿಕ ಅಧಿಕಾರಿಯು ಸಮತೂಕ ತಪ್ಪಲು ಏಳು ಕಾರಣಗಳನ್ನು ಹೆಸರಿಸುತ್ತದೆ: ಈರ್ಷ್ಯೆ, ಮುಂಗೋಪ, ನಿಷ್ಠುರತೆ, ಆತುರ, ಅಭ್ಯಾಸದ ಕೊರತೆ, ಆಲಸ್ಯ ಮತ್ತು ದಣಿವು.

ಈ ಪಟ್ಟಿಯಲ್ಲಿ ಎರಡು ಪದಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ‘ಅನಾವೂತಿ’ ಎಂದರೆ ಆವೃತ್ತಿಯಿಲ್ಲದಿರುವುದು, ಮತ್ತೆಮತ್ತೆ ಮಾಡಿ ಕಲಿಯದಿರುವುದು. ‘ಕಿಲಮಥ’ ಎಂದರೆ ದಣಿವು. ಮೊದಲನೆಯದು ಇಂದು ತರಬೇತಿ ಎಂಬ ಶೀರ್ಷಿಕೆಯಡಿ ಚರ್ಚೆಯಾಗುವ ವಿಷಯ. ಎರಡನೆಯದು ಸಿಬ್ಬಂದಿಯ ಕ್ಷೇಮ ಎಂಬ ಶೀರ್ಷಿಕೆಯಡಿ ಬರುವ ವಿಷಯ. ಶಾಸನವು ಇವೆರಡನ್ನೂ ಕ್ರೌರ್ಯದ ಪಕ್ಕದಲ್ಲಿಯೇ ಇಟ್ಟಿದೆ. ದಣಿವು ಅನ್ಯಾಯಕ್ಕೆ ಸಮರ್ಥನೆಯಲ್ಲ, ಅದು ಅನ್ಯಾಯದ ಬೇರುಗಳಲ್ಲೊಂದು ಎಂಬುದೇ ಇದರ ತಾತ್ಪರ್ಯ.

ಪರಿಹಾರವಾಗಿ ಹೇಳಿರುವ ಕ್ರಮಗಳೂ ಅಷ್ಟೇ ಸ್ಪಷ್ಟವಾಗಿವೆ. ತಿಷ್ಯ ನಕ್ಷತ್ರದ ದಿನಗಳಂದು ಶಾಸನವನ್ನು ಓದಿ ಕೇಳಿಸಬೇಕು; ನಡುವಿನ ದಿನಗಳಲ್ಲಿ ಒಬ್ಬನೇ ಕೇಳಬಯಸಿದರೂ ಕೇಳಿಸಬೇಕು. ಐದು ವರ್ಷಗಳಿಗೊಮ್ಮೆ ಸೌಮ್ಯ ಸ್ವಭಾವದ ಅಧಿಕಾರಿಯೊಬ್ಬನು ಸಂಚಾರ ಹೊರಟು ಎಲ್ಲವೂ ಆದೇಶದಂತೆ ನಡೆದಿದೆಯೇ ಎಂದು ನೋಡಬೇಕು. ಪುನರಾವರ್ತಿತ ಶಿಕ್ಷಣ ಮತ್ತು ಮೇಲ್ವಿಚಾರಣೆ ಎಂಬ ಎರಡು ತತ್ತ್ವಗಳು ಇಲ್ಲಿ ಜೊತೆಗೂಡಿವೆ.

ಸೇತುರಾಜನ ಕಥೆ

ಈ ಅಕ್ಷರಗಳನ್ನು ಓದಬಲ್ಲವರು ಇಲ್ಲವಾದ ಮೇಲೂ ಅಧಿಕಾರದ ದುರುಪಯೋಗವನ್ನು ಕುರಿತ ತೀರ್ಪು ಈ ನೆಲದಲ್ಲಿ ಮೌಖಿಕವಾಗಿ ಉಳಿದು ಬಂದಿದೆ. ಚಂದ್ರಲಾಂಬೆಯ ಸ್ಥಳಪುರಾಣದಲ್ಲಿ ಸೇತುರಾಜನು ನಾರಾಯಣ ಮುನಿಯ ಪತ್ನಿ ಚಂದ್ರವದನೆಯನ್ನು ಅಪಹರಿಸುತ್ತಾನೆ. ಮುನಿಯು ಹಿಂಗುಲಾಂಬೆಯ ಮೊರೆಹೋಗಿ ಅವಳನ್ನು ಕರೆತರುತ್ತಾನೆ. ದೇವಿ ನೀಡಿದ ಭ್ರಮರಗಳು ಮುತ್ತಿ ಕಚ್ಚಿದಾಗ ರಾಜನು ಭೀಮಾ ನದಿಗೆ ಬೀಳುತ್ತಾನೆ. ಪ್ರಜೆಗಳನ್ನು ಕಾಯಬೇಕಾದವನೇ ಕಳ್ಳನಾದಾಗ ದೂರನ್ನು ಯಾರಲ್ಲಿ ಒಯ್ಯಬೇಕು ಎಂಬ ಪ್ರಶ್ನೆಗೆ ಜಾನಪದವು ನೀಡಿದ ಉತ್ತರ ಇದು. ಶಾಸನದ ದೃಷ್ಟಿ ಅಧಿಕಾರಿಯ ಕಡೆಯಿಂದ ಹೊರಟರೆ ಕಥೆಯ ದೃಷ್ಟಿ ನೊಂದವರ ಕಡೆಯಿಂದ ಹೊರಡುತ್ತದೆ.

ತಳವಾರನಿಂದ ಕೊತವಾಲಿಗೆ

ಕಾವಲಿನ ದೇಸಿ ಪರಂಪರೆಯಲ್ಲಿ ‘ತಳವಾರ’ ಪದದ ಚರಿತ್ರೆ ಗಮನಾರ್ಹವಾದುದು. ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನಗಳಲ್ಲಿ ‘ಮಹಾತಲವರ’ ಎಂಬುದು ಉನ್ನತ ಪದವಿ. ಕನ್ನಡ ಶಾಸನಗಳ ತಳಾರ, ತಳವಾರ ರೂಪಗಳು ಊರ ಕಾವಲಿಗೆ ಸಂಬಂಧಿಸಿವೆ. ಮುಂದೆ ಪದವಿ ಇಳಿಯುತ್ತ ಬಂದು ತಳವಾರನು ಗ್ರಾಮದ ಕೆಳಸ್ತರದ ಸೇವಕನಾದನು. ರಾತ್ರಿ ಗಸ್ತು, ಕಳುವಾದ ದನಗಳ ಹೆಜ್ಜೆಯ ಜಾಡು ಹಿಡಿಯುವುದು, ಊರಿಗೆ ಬಂದ ಅಪರಿಚಿತರ ಸುದ್ದಿ ಮುಟ್ಟಿಸುವುದು ಅವನ ಕೆಲಸಗಳಾಗಿದ್ದವು. ಪ್ರತಿಫಲವಾಗಿ ಇನಾಮು ಭೂಮಿಯೂ ರಾಶಿಯ ಕಾಲದಲ್ಲಿ ಕಾಳಿನ ಪಾಲೂ ದೊರೆಯುತ್ತಿದ್ದವು.

ಸಾಲಾರ್ ಜಂಗರು 1865ರಲ್ಲಿ ಜಾರಿಗೆ ತಂದ ಜಿಲ್ಲಾಬಂದಿ ವ್ಯವಸ್ಥೆಯ ನಂತರ ಸಂಸ್ಥಾನದ ಪೊಲೀಸ್ ಆಡಳಿತ ‘ಕೊತವಾಲಿ’ ಎಂಬ ಹೆಸರಿನಲ್ಲಿ ಕ್ರಮಬದ್ಧವಾಯಿತು. ಹಳ್ಳಿಯಲ್ಲಿ ಅಪರಾಧದ ಹೊಣೆ ಪೊಲೀಸ್ ಪಾಟೀಲನದು, ಕಂದಾಯದ ಹೊಣೆ ಮಾಲಿ ಪಾಟೀಲನದು. ತಳವಾರ, ವಾಲೀಕಾರರು ಅವರ ಕೈಕೆಳಗಿನವರು. ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಮನೆತನಗಳ ಅಡ್ಡಹೆಸರುಗಳಾಗಿ ಈ ಪದವಿಗಳು ಇಂದಿಗೂ ಉಳಿದಿವೆ. ಠಾಣೆಯ ಕಾಗದಪತ್ರಗಳು ಉರ್ದುವಿನಲ್ಲಿದ್ದರೆ ದೂರು ಕೊಡುವ ರೈತನ ಮಾತು ಕನ್ನಡವಾಗಿತ್ತು. ಈ ಅಂತರವನ್ನು ತುಂಬುತ್ತಿದ್ದವರು ಪಾಟೀಲ, ತಳವಾರರೇ. ಪ್ರಾಕೃತದ ಶಾಸನವನ್ನು ಓದಿ ಕೇಳಿಸಬೇಕಾದ ಅಗತ್ಯವೂ ಇಂಥದೇ ಆಗಿದ್ದಿರಬೇಕು.

ಈ ಪದ್ಧತಿಯನ್ನು ಆದರ್ಶವೆಂದು ಬಣ್ಣಿಸಲಾಗದು. ತಳವಾರನಿಗೆ ಊರಿನ ಪ್ರತಿ ಮನೆಯ ಪರಿಚಯವಿತ್ತು, ತಂದೆಯಿಂದ ಮಗನಿಗೆ ಇಳಿದ ಕಲಿಕೆಯೂ ಇತ್ತು. ಆದರೆ ಅವನು ಊರ ಬಲಿಷ್ಠರ ಮಾತು ಮೀರಲಾರದವನಾಗಿದ್ದನು. ರಜಾಕಾರರ ದಾಳಿಯ ಕಾಲದಲ್ಲಿ ಗ್ರಾಮದ ಕಾವಲು ಜನರನ್ನು ರಕ್ಷಿಸಲಾರದೆ ಹೋಯಿತು. 1948ರ ಸೆಪ್ಟೆಂಬರಿನ ಕಾರ್ಯಾಚರಣೆಯನ್ನು ನಡೆಸಿದ್ದು ಸೇನೆಯಾದರೂ ಅದು ‘ಪೊಲೀಸ್ ಕಾರ್ಯಾಚರಣೆ’ ಎಂದೇ ಜನರ ನೆನಪಿನಲ್ಲಿ ನಿಂತಿದೆ. ಅದರ ಬೆನ್ನಿಗೆ ನಡೆದ ಹಿಂಸೆಯಲ್ಲಿ ಗುಲಬರ್ಗಾ ಜಿಲ್ಲೆಯೂ ತೀವ್ರವಾಗಿ ನಲುಗಿತೆಂಬುದು ಸುಂದರಲಾಲ್ ಸಮಿತಿಯ ವರದಿಯಿಂದ ತಿಳಿದುಬರುತ್ತದೆ. ಕಾವಲು ಸಮದೃಷ್ಟಿ ಕಳೆದುಕೊಂಡಾಗ ಉಂಟಾಗುವ ಪರಿಣಾಮವನ್ನು ಈ ಪ್ರದೇಶದ ಎಲ್ಲ ಸಮುದಾಯಗಳೂ ಅನುಭವಿಸಿವೆ.

ಕವಾಯತು, ಕಲಿಕೆ ಮತ್ತು ದಣಿವು

1956ರ ಏಕೀಕರಣದ ನಂತರ ಈ ಭಾಗವು ಮೈಸೂರು ರಾಜ್ಯಕ್ಕೆ ಸೇರಿತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆಯು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳು ಕೊನೆಗೊಂಡವು. ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಇದು ಅಗತ್ಯವಾದ ಕ್ರಮವಾಗಿತ್ತು. ಆದರೆ ಹುದ್ದೆಯೊಂದಿಗೆ ಹಳ್ಳಿಯ ಪರಿಚಯವೂ ಕಾವಲು ವ್ಯವಸ್ಥೆಯಿಂದ ದೂರವಾಯಿತು. 1964ರ ಗ್ರಾಮ ರಕ್ಷಣಾ ದಳಗಳ ಕಾಯ್ದೆ, 2017ರ ಹೊಸ ಬೀಟ್ ಪದ್ಧತಿ, 2025ರ ‘ಮನೆ ಮನೆಗೆ ಪೊಲೀಸ್’ ಯೋಜನೆ, ಇವೆಲ್ಲವೂ ಆ ಪರಿಚಯವನ್ನು ಮರಳಿ ಪಡೆಯುವ ಪ್ರಯತ್ನಗಳೆಂದು ಹೇಳಬಹುದು.

ತರಬೇತಿಯ ಸ್ವರೂಪವನ್ನು ಅಖಿಲ ಭಾರತ ಮಟ್ಟದಲ್ಲಿ ಮರುಚಿಂತಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ಹುಬ್ಬಳ್ಳಿಯಲ್ಲಿ ಜನಿಸಿದ ಸಮಾಜವಿಜ್ಞಾನಿ ಎಂ. ಎಸ್. ಗೋರೆ. 1971ರಲ್ಲಿ ನೇಮಕಗೊಂಡ ಈ ಸಮಿತಿಯು 1973ರಲ್ಲಿ ವರದಿ ಸಲ್ಲಿಸಿ, ಕವಾಯತು ಮತ್ತು ಕಾನೂನಿನ ಪಾಠಗಳ ಜೊತೆಗೆ ಸಮಾಜದ ತಿಳಿವಳಿಕೆ ಹಾಗೂ ಮನೋಭಾವದ ಬದಲಾವಣೆಗೆ ಒತ್ತು ನೀಡಿತು. ಇಂದು ಈ ಭಾಗದ ತರಬೇತಿಗೆ ಕಲಬುರಗಿ ಸಮೀಪದ ನಾಗನಹಳ್ಳಿಯ ಪೊಲೀಸ್ ತರಬೇತಿ ಮಹಾವಿದ್ಯಾಲಯವಿದೆ. ಬಂಧನದ ಕ್ರಮವನ್ನು ಕುರಿತು 1996ರ ಡಿ. ಕೆ. ಬಸು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ನಿರ್ದೇಶನಗಳು ಸನ್ನತಿಯ ಶಾಸನದ ಆತಂಕವನ್ನೇ ಕಾನೂನಿನ ಭಾಷೆಯಲ್ಲಿ ನುಡಿಯುತ್ತವೆ. 2006ರ ಪ್ರಕಾಶ್ ಸಿಂಗ್ ತೀರ್ಪಿನ ದೂರು ಪ್ರಾಧಿಕಾರದ ಕಲ್ಪನೆಯು ಐದು ವರ್ಷಗಳಿಗೊಮ್ಮೆ ಸಂಚರಿಸುವ ಮಹಾಮಾತ್ರನನ್ನು ನೆನಪಿಗೆ ತರುತ್ತದೆ.

ಅಭ್ಯಾಸದ ಕೊರತೆಗೆ ಹೀಗೆ ಹಲವು ಉತ್ತರಗಳು ದೊರೆತಿವೆ. ದಣಿವಿಗೆ ದೊರೆತ ಉತ್ತರ ಕಡಿಮೆ. ಜಾತ್ರೆ, ಚುನಾವಣೆ, ಮೆರವಣಿಗೆ, ಗಣ್ಯರ ಭೇಟಿ ಎಂದು ಒಂದರ ಹಿಂದೊಂದು ಬರುವ ಬಂದೋಬಸ್ತಿನಲ್ಲಿ ಹಗಲಿರುಳು ನಿಲ್ಲುವವನು ಕಾನ್‌ಸ್ಟೇಬಲ್. ರಾಷ್ಟ್ರೀಯ ಪೊಲೀಸ್ ಆಯೋಗವು 1979ರ ತನ್ನ ಮೊದಲ ವರದಿಯಲ್ಲಿಯೇ ಅವನ ಸ್ಥಿತಿಗತಿಗಳನ್ನು ಚರ್ಚಿಸಿತ್ತು. ಕರ್ನಾಟಕದಲ್ಲಿ ಈ ಅಳಲು ಬಹಿರಂಗವಾದದ್ದು 2016ರಲ್ಲಿ. ವೇತನ, ವಾರದ ರಜೆ, ಆರ್ಡರ್ಲಿ ಪದ್ಧತಿಯ ರದ್ದತಿ ಮೊದಲಾದ ಬೇಡಿಕೆಗಳೊಂದಿಗೆ ಜೂನ್ 4ರಂದು ಸಾಮೂಹಿಕ ರಜೆಗೆ ಕರೆ ನೀಡಲಾಯಿತು. ಸರ್ಕಾರ ಅದನ್ನು ತಡೆಯಿತಾದರೂ ರಾಘವೇಂದ್ರ ಔರಾದಕರ್ ಸಮಿತಿಯನ್ನು ನೇಮಿಸಿತು; 2019ರಲ್ಲಿ ಅದರ ವೇತನ ಶಿಫಾರಸುಗಳು ಭಾಗಶಃ ಜಾರಿಗೊಂಡವು. 2025ರ ಅಕ್ಟೋಬರಿನಲ್ಲಿ ಕೆಳಹಂತದ ಸಿಬ್ಬಂದಿಯ ಹಳೆಯ ಸ್ಲೋಚ್ ಹ್ಯಾಟಿನ ಬದಲಿಗೆ ಹೊಸ ಟೋಪಿ ಬಂದಿತು. ಇದು ಗೌರವಕ್ಕೆ ಸಂಬಂಧಿಸಿದ ಹೆಜ್ಜೆ. ವಿಶ್ರಾಂತಿಯ ಪ್ರಶ್ನೆ ಇದರಿಂದ ಬಗೆಹರಿಯುವಂಥದಲ್ಲ.

ಉಪಸಂಹಾರ

ಒಟ್ಟಿನಲ್ಲಿ, ಪೊಲೀಸರ ಕ್ಷೇಮ ಒಂದು ಬೇಡಿಕೆ, ಜನರ ಮೇಲಿನ ದೌರ್ಜನ್ಯ ಇನ್ನೊಂದು ದೂರು ಎಂದು ಬೇರೆಬೇರೆಯಾಗಿ ನೋಡುವ ರೂಢಿಯನ್ನು ಸನ್ನತಿಯ ಶಾಸನವು ಪ್ರಶ್ನಿಸುತ್ತದೆ. ದಣಿದವನ ಕೈಯಲ್ಲಿ ಸೆರೆಮನೆಯ ಬೀಗದ ಕೈ ಇದ್ದಾಗ ಅದರ ಫಲವನ್ನು ಉಣ್ಣುವವರು ಜನರು. ದಣಿವನ್ನು ಅಧಿಕಾರಿಯೊಬ್ಬನ ಸ್ವಭಾವದ ದೋಷವೆಂದು ಬಿಟ್ಟು ಕೂರದೆ, ಆಡಳಿತವು ಹೊರಬೇಕಾದ ಹೊಣೆಯೆಂದು ಗ್ರಹಿಸುವುದು ಅಗತ್ಯ. ನಾಗನಹಳ್ಳಿಯ ಪ್ರಶಿಕ್ಷಣಾರ್ಥಿಗಳನ್ನು ಒಮ್ಮೆ ಸನ್ನತಿಗೆ ಕರೆದೊಯ್ದು, ಆ ಪಾಠವನ್ನು ಕನ್ನಡದಲ್ಲಿ ಓದಿ ಕೇಳಿಸುವ ಏರ್ಪಾಡು ಕಷ್ಟವಾದುದೇನಲ್ಲ. ಮತ್ತೆಮತ್ತೆ ಓದಿ ಕೇಳಿಸಬೇಕೆಂಬುದು ಶಾಸನದಲ್ಲಿಯೇ ಇರುವ ಆದೇಶವಾಗಿದೆ.