ಗಾಡಿ ಅಗಲದ ಬೀದಿಗೆ ಮೋಟಾರು ಬಂದಾಗ: ಬೆಂಗಳೂರಿನ ಅಪಘಾತಗಳ ಹಿನ್ನೆಲೆ

ಬೆಂಗಳೂರಿನ ರಸ್ತೆ ಅಪಘಾತಗಳ ಬೇರು ಊರು ಬೆಳೆದ ಬಗೆಯಲ್ಲೇ ಇದೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯ ಬೀದಿಗಳು ಎತ್ತಿನಗಾಡಿಯ ಕಾಲದವು. ಅಕ್ಕಿಪೇಟೆ, ಬಳೇಪೇಟೆಗಳಲ್ಲಿ ಮೂಟೆ ಇಳಿಸುವುದು, ಚೌಕಾಸಿ, ಓಡಾಟ ಎಲ್ಲಕ್ಕೂ ಅದೇ ನೆಲ. 1809ರಲ್ಲಿ ಪೂರ್ವಕ್ಕೆ ನೆಲೆನಿಂತ ಬ್ರಿಟಿಷರ ದಂಡಿನ (ಕಂಟೋನ್ಮೆಂಟಿನ) ರಸ್ತೆಗಳು ಅಗಲವಾಗಿದ್ದರೂ ಅವು ಕುದುರೆಗಾಡಿಗೂ ಸಿಪಾಯಿಗಳ ನಡಿಗೆಗೂ ಹೊಂದುವಂಥವು. 1949ರಲ್ಲಿ ಎರಡೂ ಭಾಗಗಳು ಒಂದೇ ಕಾರ್ಪೊರೇಷನ್ನಿಗೆ ಸೇರಿದವು. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 2011ಕ್ಕೆ 80 ಲಕ್ಷ ದಾಟಿತು. ಹಳೆಯ ಬೀದಿಗಳ ಅಗಲ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ.

ಜಟಕಾ, ಸೈಕಲ್ಲುಗಳ ನಡುವೆ 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯ ಬಸ್ಸುಗಳು ಬಂದವು. ಆದರೆ ಅಪಘಾತದ ಸ್ವರೂಪವನ್ನೇ ಬದಲಿಸಿದ್ದು 1980ರ ದಶಕದಿಂದ ಮನೆಮನೆ ಸೇರಿದ ಮೊಪೆಡ್, ಸ್ಕೂಟರ್, ಬೈಕುಗಳು. ನಾಲ್ಕು ಚಕ್ರದ ವಾಹನ ಕುಲುಕಿ ದಾಟುವ ಗುಂಡಿ ಎರಡು ಚಕ್ರದ್ದನ್ನು ಉರುಳಿಸುತ್ತದೆ. ನೀರಿನ ಪೈಪಿಗೋ ಕೇಬಲ್ಲಿಗೋ ರಸ್ತೆ ಅಗೆದು ಸಡಿಲ ಮಣ್ಣು ತುಂಬಿರುತ್ತಾರೆ. ಮೊದಲ ಮಳೆಗೆ ಅದು ಕುಸಿಯುತ್ತದೆ, ಮೇಲೆ ನೀರು ನಿಂತು ಆಳ ಮರೆಯಾಗುತ್ತದೆ. ಬಿದ್ದ ಸವಾರನ ಹಿಂದೆಯೇ ಲಾರಿಯೋ ಬಸ್ಸೋ ಬರುತ್ತಿರುತ್ತದೆ. ಇದನ್ನು ಸವಾರನ ಅಜಾಗರೂಕತೆ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವುದು ಅನ್ಯಾಯ.

ಹೆಚ್ಚು ಜಾಗ ಕಳೆದುಕೊಂಡವರು ಕಾಲ್ನಡಿಗೆಯವರು. ಇಲ್ಲಿನ ಫುಟ್‌ಪಾತ್ ಬಹುತೇಕ ಕಡೆ ಚರಂಡಿಯ ಮೇಲೆ ಹೊದಿಸಿದ ಚಪ್ಪಡಿ ಕಲ್ಲುಗಳ ಸಾಲು. ಹೂಳೆತ್ತಲು ಎಬ್ಬಿಸಿದ ಕಲ್ಲು ಸರಿಯಾಗಿ ಕೂರದಿದ್ದರೆ ಒಂದು ತುದಿ ತುಳಿದಾಗ ಇನ್ನೊಂದು ತುದಿ ಏಳುತ್ತದೆ. ಬೀದಿದೀಪವಿಲ್ಲದ ಕಡೆ ಮುದುಕರು ಕಾಲು ಮುರಿದುಕೊಳ್ಳುವುದು ಹೀಗೆಯೇ. ರಸ್ತೆ ಅಗಲಿಸುವಾಗಲೆಲ್ಲ ಈ ಸಾಲೇ ಕಿರಿದಾಯಿತು. ಟ್ರಾನ್ಸ್‌ಫಾರ್ಮರು, ನಿಲ್ಲಿಸಿದ ಬೈಕು ಸೇರಿ ಉಳಿದ ಜಾಗವೂ ಹೋಯಿತು. ಜನ ರಸ್ತೆಗಿಳಿದರು.

ಊರಂಚಿನಲ್ಲಿ ಕಾರಣ ಬೇರೆ. ಹೊರವರ್ತುಲ ರಸ್ತೆ ಹಳ್ಳಿಗಳ ನಡುವೆಯೇ ಹಾದುಹೋಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆಯ ವೇಗವೂ ಏರಿತು. ಆಚೆ ಬದಿಯ ಅಂಗಡಿಗೋ ಶಾಲೆಗೋ ಹೋಗಬೇಕಾದವರು ಡಿವೈಡರ್ ಹತ್ತಿ ಇಳಿಯಬೇಕಾಯಿತು.

ಹೆಲ್ಮೆಟ್ ನಿಯಮ ನಗರದಲ್ಲಿ ಬಿಗಿಯಾದದ್ದು ತಡವಾಗಿ: ಸವಾರರಿಗೆ 2006ರ ನವೆಂಬರಿನಲ್ಲಿ, ಹಿಂಬದಿ ಸವಾರರಿಗೆ 2016ರ ಜನವರಿಯಲ್ಲಿ. ಆದರೂ ದಂಡದ ಭಯಕ್ಕಷ್ಟೇ ಹಾಕಿದ, ಪಟ್ಟಿ ಬಿಗಿಯದ ಅರ್ಧ ಹೆಲ್ಮೆಟ್ ಬಿದ್ದಾಗ ತಲೆ ನೆಲಕ್ಕೆ ಬಡಿಯುವ ಮೊದಲೇ ಕಳಚಿ ಉರುಳುತ್ತದೆ. ರಸ್ತೆಯನ್ನೇ ತಿದ್ದುವ ಪ್ರಯತ್ನವೆಂದರೆ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ 2015ರ ಆಸುಪಾಸಿನ ಟೆಂಡರ್ ಶ್ಯೂರ್ ಎಂಬ ಕಾಮಗಾರಿ. ಕೇಬಲ್ಲು, ಕೊಳವೆಗಳಿಗೆ ನೆಲದಡಿ ಪ್ರತ್ಯೇಕ ದಾರಿ ಮಾಡಿ, ಮೇಲೆ ಅಗಲವಾದ ಫುಟ್‌ಪಾತ್ ಹಾಸಲಾಯಿತು. ಪ್ರತಿ ರಿಪೇರಿಗೂ ಡಾಂಬರು ಅಗೆಯುವ ಅಗತ್ಯ ಅಲ್ಲಿ ಕಡಿಮೆಯಾಯಿತು.