ನಿಂತ ಹುದುಗು, ಕೆಟ್ಟ ಸುರೆ: ಕಿಣ್ವದ ಇತಿಹಾಸದಲ್ಲಿ ಒಂದು ವಿಚಾರ

ಕೃಷ್ಣಾತೀರದ ಗಲಗಲಿಯು ಮಾಧ್ವ ಪಂಡಿತರ ಮನೆತನದಿಂದ ಹೆಸರಾದ ಗ್ರಾಮ. ಸುರೆಯನ್ನು ಕುರಿತ ಲೇಖನವನ್ನು ಆ ಊರಿನಿಂದ ಆರಂಭಿಸುವುದು ವಿಚಿತ್ರವೆನಿಸಬಹುದು. ಆದರೆ ನಾವು ಎತ್ತಿಕೊಂಡಿರುವ ಪ್ರಶ್ನೆ ಅಲ್ಲಿಯ ಅಡಿಗೆಮನೆಗೂ ಅಪರಿಚಿತವಲ್ಲ. ಚಳಿಗಾಲದಲ್ಲಿ ಹಾಲು ಹೆಪ್ಪುಗಟ್ಟದಿದ್ದರೆ ಗಡಿಗೆಗೆ ಬಟ್ಟೆ ಸುತ್ತಿ ಒಲೆಯ ಬದಿಗಿಡುತ್ತಾರೆ. ಹೆಪ್ಪು ಹಳತಾಗಿದ್ದರೆ ನೆರೆಮನೆಯಿಂದ ಹೊಸ ಹೆಪ್ಪು ತರುತ್ತಾರೆ. ಮನೆಯಲ್ಲಿ ಗೋಧಿಯ ಬಿಯರನ್ನು ತಯಾರಿಸುವವರಿಗೆ ಎದುರಾಗುವ ತೊಡಕೂ ಇದನ್ನೇ ಹೋಲುತ್ತದೆ: ಹುದುಗು ನಡುವೆ ನಿಂತುಹೋಗುತ್ತದೆ. ಇಂತಹ ನಷ್ಟವನ್ನು ಪ್ರಾಚೀನರು ಹೇಗೆ ಎದುರಿಸಿದರು, ಅದು ಕೊನೆಗೆ ಯಾರ ಪಾಲಿಗೆ ಬಂದಿತು ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಮೊದಲು ವಿಷಯದ ಸ್ವರೂಪವನ್ನು ತಿಳಿಯಬೇಕು. ಮೊಳಕೆಯೊಡೆದ ಗೋಧಿಯ ಪಿಷ್ಟವು ಬಿಸಿನೀರಿನಲ್ಲಿ ಸಕ್ಕರೆಯಾಗುತ್ತದೆ. ಆ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ಮದ್ಯಸಾರವಾಗಿಯೂ ಇಂಗಾಲಾಮ್ಲ ವಾಯುವಾಗಿಯೂ ಮಾರ್ಪಡಿಸುತ್ತದೆ. ಯೀಸ್ಟ್ ದುರ್ಬಲವಾದರೆ, ಪ್ರಮಾಣದಲ್ಲಿ ಕಡಮೆಯಾದರೆ, ಚಳಿಗೆ ಸಿಕ್ಕರೆ, ಅಥವಾ ಆರಂಭದಲ್ಲಿ ಅದಕ್ಕೆ ಗಾಳಿ ಸಾಲದೆ ಹೋದರೆ, ರಸವು ಸಿಹಿಯಾಗಿರುವಾಗಲೇ ಕೆಲಸ ನಿಲ್ಲುತ್ತದೆ. ರಸದ ಸಾಂದ್ರತೆ ಎರಡು ಮೂರು ದಿನ ಇಳಿಯದೆ, ಇಳಿಯಬೇಕಾದ ಮಟ್ಟಕ್ಕಿಂತ ಮೇಲೆಯೇ ನಿಂತಿದ್ದರೆ ಇದನ್ನು ಊಹಿಸಬಹುದು. ಪಾತ್ರೆಯನ್ನು ಬೆಚ್ಚಗಿಡುವುದು, ತಳಕ್ಕಿಳಿದ ಯೀಸ್ಟನ್ನು ಮೆಲ್ಲನೆ ಕದಡುವುದು, ಚುರುಕಾದ ಹೊಸ ಯೀಸ್ಟನ್ನು ಬೆರೆಸುವುದು, ಇವೇ ಇಂದಿನ ಉಪಾಯಗಳು. ಆದರೆ ಹಿಟ್ಟನ್ನು ಅತಿಯಾಗಿ ಬಿಸಿಯಾದ ನೀರಿನಲ್ಲಿ ನೆನೆಸಿದ್ದರೆ, ಯೀಸ್ಟಿಗೆ ಜೀರ್ಣವಾಗದ ಸಕ್ಕರೆಗಳು ಹೆಚ್ಚಾಗಿ ಉಳಿಯುವುದರಿಂದ, ಈ ಉಪಾಯಗಳಿಂದ ಪ್ರಯೋಜನವಾಗದು.

ಪ್ರಾಚೀನ ಸಾಕ್ಷ್ಯಕ್ಕೆ ನಾವು ಮೊದಲು ನೋಡಬೇಕಾದುದು ಕೌಟಿಲ್ಯನ ಅರ್ಥಶಾಸ್ತ್ರ. ಇದರ ಹಸ್ತಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಮುದ್ರಿಸಿದರು. ಅದರ ಸುರಾಧ್ಯಕ್ಷ ಪ್ರಕರಣದಲ್ಲಿ ಹುದುಗು ಹಿಡಿಸುವ ಮೂಲದ್ರವ್ಯಕ್ಕೆ ಕಿಣ್ವವೆಂದು ಹೆಸರು. ಉದ್ದಿನ ಹಿಟ್ಟು, ಅಕ್ಕಿ ಮತ್ತು ಕೆಲವು ಮೂಲಿಕೆಗಳಿಂದ ಅದನ್ನು ಕಟ್ಟುತ್ತಿದ್ದರು. ಮೇದಕವೆಂಬ ಸುರೆಗೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, 3 ಪ್ರಸ್ಥ ಕಿಣ್ವ. ಒಂದು ಆಢಕಕ್ಕೆ 4 ಪ್ರಸ್ಥವಾದುದರಿಂದ 2 ಪ್ರಸ್ಥ ಅಕ್ಕಿಗೆ 3 ಪ್ರಸ್ಥ ಕಿಣ್ವ ಬೀಳುತ್ತದೆ. ಪ್ರಸನ್ನಾ ಎಂಬ ಸುರೆಗಾದರೋ 12 ಆಢಕ, ಎಂದರೆ 48 ಪ್ರಸ್ಥ ಹಿಟ್ಟಿಗೆ ಕೇವಲ 5 ಪ್ರಸ್ಥ. ಮೊದಲನೆಯದರಲ್ಲಿ ಹುದುಗು ನಿಲ್ಲುವ ಭಯ ಕಡಮೆ. ಎರಡನೆಯದರಲ್ಲಿ ಕಿಣ್ವದ ಗುಣದ ಮೇಲೆಯೇ ಎಲ್ಲವೂ ನಿಂತಿತ್ತೆಂದು ನಾವು ಊಹಿಸುತ್ತೇವೆ. ಆ ಕಿಣ್ವವನ್ನು ಸಂಗ್ರಹಿಸುವ ಕೆಲಸ ಹೆಂಗಸರದು ಮತ್ತು ಮಕ್ಕಳದು ಎಂದು ಗ್ರಂಥವೇ ಹೇಳುತ್ತದೆ.

ಹಾಗಾದರೆ ಕೆಟ್ಟುಹೋದ ಸುರೆಯ ಗತಿಯೇನು? ಅದನ್ನು ಸರಿಪಡಿಸುವ ಕ್ರಮ ಈ ಪ್ರಕರಣದಲ್ಲಿಲ್ಲ; ವಿಲೇವಾರಿಯ ಕ್ರಮವಿದೆ. ದುಷ್ಟಸುರೆಯನ್ನು ಬೇರೆಡೆಯಲ್ಲಿ ಮಾರಿಸಬೇಕು, ಇಲ್ಲವೆ ದಾಸರಿಗೂ ಕೂಲಿಕಾರರಿಗೂ ವೇತನವಾಗಿ ಕೊಡಬೇಕು, ಇಲ್ಲವೆ ಭಾರ ಎಳೆಯುವ ಪಶುಗಳಿಗೆ ಕುಡಿಸಬೇಕು, ಹಂದಿಗಳಿಗೆ ಮೇವಾಗಿ ಹಾಕಬೇಕು. ನಡುವೆ ನಿಂತ ಹುದುಗಿನ ಸುರೆಯೂ ಈ ದುಷ್ಟಸುರೆಯಲ್ಲಿ ಸೇರಿದ್ದಿತೆಂದು ತಿಳಿಯುವುದು ಅಸಂಗತವಾಗದು. ಕೂಲಿಕಾರನ ಹೆಸರು ಎತ್ತು ಹಂದಿಗಳ ಸಾಲಿನಲ್ಲಿ ಬಂದಿರುವುದನ್ನು ಗಮನಿಸಬೇಕು. ಅಧ್ಯಕ್ಷನ ಪಾತ್ರೆಯಲ್ಲಾದ ನಷ್ಟವನ್ನು ದುಡಿಯುವವನ ವೇತನದಿಂದ ತುಂಬಿಕೊಳ್ಳಲಾಗುತ್ತಿತ್ತು.

ಅದೇ ಪ್ರಕರಣವು ಗೃಹಸ್ಥರಿಗೆ ವಿಶೇಷ ಸಮಾರಂಭಗಳಲ್ಲಿ ಬಿಳಿಯ ಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ ಮನೆಯಲ್ಲಿ ಮಾಡಿಕೊಳ್ಳಲು ಅನುಮತಿ ಕೊಡುತ್ತದೆ. ಕೆಟ್ಟುದನ್ನು ಕೂಲಿಯ ಲೆಕ್ಕಕ್ಕೆ ಹಾಕುವ ಅವಕಾಶ ಸಣ್ಣ ಸಂಸಾರಕ್ಕೆಲ್ಲಿಯದು? ಕೆಡದಂತೆ ಕಾಯುವುದೊಂದೇ ಅದಕ್ಕೆ ದಾರಿ. ಈ ಕಾಯುವ ವಿದ್ಯೆ ವೈದ್ಯರ ಪರಂಪರೆಯಲ್ಲಿ ಬೆಳೆಯಿತು. ಆಸವ ಅರಿಷ್ಟಗಳ ಗಡಿಗೆಯನ್ನು ಧಾನ್ಯದ ರಾಶಿಯೊಳಗೆ ಹುಗಿದಿಟ್ಟು ಶಾಖವನ್ನು ಕಾಪಾಡುತ್ತಿದ್ದರು. ಹುದುಗು ಹಿಡಿಯಲೆಂದು ಧಾತಕೀ ಪುಷ್ಪವನ್ನು ಸೇರಿಸುತ್ತಿದ್ದರು. ಗಡಿಗೆಯ ಬಾಯಿಗೆ ಹಿಡಿದ ಉರಿ ಆರಿದರೆ ಹುದುಗು ನಡೆದಿದೆಯೆಂದೂ, ಉರಿಯುತ್ತಲೇ ಇದ್ದರೆ ನಿಂತಿದೆಯೆಂದೂ ತಿಳಿಯುವ ಪರೀಕ್ಷೆ ಔಷಧಶಾಲೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಗೋಧಿಯೂ ಈ ಪರಂಪರೆಗೆ ಹೊರತಲ್ಲ. ಜವೆಯಿಂದ ಮಾಡುವ ಸೌವೀರವೆಂಬ ಹುಳಿನೀರನ್ನು ಗೋಧಿಯಿಂದಲೂ ಮಾಡಬಹುದೆಂಬ ಕೆಲವು ಆಚಾರ್ಯರ ಮತವನ್ನು 16ನೆಯ ಶತಮಾನದ ಭಾವಪ್ರಕಾಶವು ಉಲ್ಲೇಖಿಸುತ್ತದೆ.

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗಲಗಲಿಯ ಸೀಮೆಯಲ್ಲಿ 1878ರ ಅಬಕಾರಿ ಕಾಯಿದೆ ಮದ್ಯ ತಯಾರಿಕೆಯನ್ನು ಪರವಾನಗಿಗೆ ಒಳಪಡಿಸಿತು. 1949ರ ಪಾನನಿರೋಧ ಕಾಯಿದೆ ಅದನ್ನು ನಿಷೇಧಿಸಿತು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯವನ್ನು ಸೇರಿತು. ಇಂದು ಜಾರಿಯಲ್ಲಿರುವ 1965ರ ರಾಜ್ಯ ಅಬಕಾರಿ ಕಾಯಿದೆಯ ಮೇರೆಗೂ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹೀಗೆ ಗೃಹಸ್ಥನ ಹಳೆಯ ಅನುಮತಿ ಅಳಿಯಿತು.

ಆದರೆ ಮಾತು ಉಳಿಯಿತು. ಇಂದಿನ ಕನ್ನಡ ವಿಜ್ಞಾನ ಗ್ರಂಥಗಳಲ್ಲಿ ಕಿಣ್ವವೆಂದರೆ ಎನ್‌ಜೈಮ್. ಆ ಪಾಶ್ಚಾತ್ಯ ಪದಕ್ಕೂ ಯೀಸ್ಟಿನೊಳಗಿರುವುದು ಎಂಬುದೇ ಗ್ರೀಕ್ ಮೂಲದ ಅರ್ಥ. ಜೀವಕೋಶವಿಲ್ಲದ ಯೀಸ್ಟಿನ ರಸವೂ ಸಕ್ಕರೆಯನ್ನು ಹುದುಗಿಸಬಲ್ಲುದೆಂದು ಬುಖ್ನರ್ 1897ರಲ್ಲಿ ತೋರಿಸಿದನು. ಅವನಿಗೆ ಬಹು ಹಿಂದೆಯೇ ಕಿಣ್ವದ ಗುಣಾವಗುಣಗಳನ್ನು ಕೈಯಿಂದಲೇ ಅರಿತಿದ್ದವರು ಅದನ್ನು ಕೂಡಿಡುತ್ತಿದ್ದ ಹೆಂಗಸರು. ಅವರ ಹೆಸರುಗಳನ್ನು ಯಾವ ಗ್ರಂಥವೂ ಉಳಿಸಲಿಲ್ಲ. ಸುರೆಯ ಇತಿಹಾಸವನ್ನು ತೆರಿಗೆ ಮತ್ತು ನಿಷೇಧಗಳ ಇತಿಹಾಸವೆಂದಷ್ಟೇ ಬರೆಯುವುದು ಸಾಲದು. ಹುದುಗನ್ನು ಕಾಯ್ದ ಕೈಗಳನ್ನೂ, ಅದು ಕೆಟ್ಟಾಗ ಕೂಲಿಯನ್ನು ಕಳೆದುಕೊಂಡವರನ್ನೂ ಅದರೊಳಗೆ ಸೇರಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.