ದರ್ಜಿ ಅಂಗಡಿಯ ರೇಡಿಯೋ, ದೆಹಲಿಯ ಮಂತ್ರಿ

2024ರ ಫೆಬ್ರವರಿ 20ರಂದು ಮುಂಬೈಯಲ್ಲಿ ಅಮೀನ್ ಸಯಾನಿ ತೀರಿಕೊಂಡರು. ಅವರಿಗೆ 91 ವರ್ಷ. ಮಾರನೇ ದಿನ ನಮ್ಮ ಬುಲೆಟಿನ್ನಿನಲ್ಲಿ ಅವರಿಗೆ ಸಿಕ್ಕಿದ್ದು 40 ಸೆಕೆಂಡು. ಓದಿದವನು ನಾನೇ. ಓದಿ ಮುಗಿಸಿ ಮುಂದಿನ ಸುದ್ದಿಗೆ ಹೋದೆ. ಅದು ಯಾವುದೋ ಪಕ್ಷದ ಟಿಕೆಟ್ ಜಗಳ. ಅದಕ್ಕೆ 22 ನಿಮಿಷ ಇತ್ತು.

ರಾತ್ರಿ ಮನೆಗೆ ಹೋದಮೇಲೆ ಊರಿನಿಂದ ಅವ್ವನ ಫೋನು. "ನಿಮ್ಮಪ್ಪ ಇದ್ದಿದ್ರ ನಿನ್ನ ಕಿವಿ ಹಿಂಡ್ತಿದ್ದ ನೋಡು. ಅಷ್ಟs ಏನೋ ಅವಗ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ 40 ಸೆಕೆಂಡಿನ ಬಾಕಿ ತೀರಿಸೋಕೆ ಅಂತಲೇ ಇವತ್ತು ಈ ಮಾತು.

ಅಪ್ಪ ದರ್ಜಿ. ಆಗಿನ ಧಾರವಾಡ ಜಿಲ್ಲೆಯ ಒಂದು ಸಣ್ಣ ಊರಿನ ಬಜಾರಿನಲ್ಲಿ ಎಂಟಡಿ ಅಗಲದ ಅಂಗಡಿ. ಒಂದು ಹೊಲಿಗೆ ಮಷೀನು, ಒಂದು ಕಟಿಂಗ್ ಟೇಬಲ್ಲು, ಗೋಡೆಗೆ ಹೊಡೆದ ಹಲಗೆಯ ಮೇಲೆ ಚರ್ಮದ ಚೀಲ ಹಾಕಿದ ರೇಡಿಯೋ. ಬೆಳಿಗ್ಗೆ ಆಕಾಶವಾಣಿಯ ಆ ಆರಂಭದ ಧ್ವನಿ ಬರುತ್ತಿತ್ತಲ್ಲ, ಅದು ಕೇಳಿದಮೇಲೇ ಅಂಗಡಿಯ ಕಸ ಹೊಡೆಯೋದು. (ಆ ಧ್ವನಿಯನ್ನು ಕಟ್ಟಿದವರು ವಾಲ್ಟರ್ ಕೌಫ್‌ಮನ್ ಅನ್ನುವ ಯಹೂದಿ ಸಂಗೀತಗಾರ. ಹಿಟ್ಲರನ ಕಾಲದಲ್ಲಿ ಯುರೋಪ್ ಬಿಟ್ಟು 1934ರಲ್ಲಿ ಮುಂಬೈಗೆ ಬಂದವರು. ದಿಕ್ಕು ತಪ್ಪಿದ ಒಬ್ಬ ಮನುಷ್ಯ ಕೂಡಿಸಿಕೊಟ್ಟ ನಾಲ್ಕು ಸ್ವರದಿಂದ ಇಡೀ ದೇಶದ ಬೆಳಗಾಗುತ್ತಿತ್ತು ಅಂತ ನನಗೆ ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ.) ಬುಧವಾರ ಸಂಜೆ ಎಂಟಕ್ಕೆ ಮಾತ್ರ ಮುಳ್ಳು ತಿರುಗುತ್ತಿತ್ತು. ಶಾರ್ಟ್‌ವೇವ್, ರೇಡಿಯೋ ಸಿಲೋನ್. "ಬೆಹನೋ ಔರ್ ಭಾಯಿಯೋ" ಅಂತ ಸಯಾನಿ ಧ್ವನಿ ಬಂತೆಂದರೆ ಗಿರಾಕಿಗಳೂ ಹೊರಗಿನ ಕಟ್ಟೆಯ ಮೇಲೆ ಕೂತುಬಿಡೋರು.

ನನಗೆ ಹತ್ತು ವರ್ಷವಿದ್ದಾಗ ಅಪ್ಪನನ್ನು ಕೇಳಿದ್ದೆ. ನಮ್ಮ ಧಾರವಾಡದಲ್ಲೇ ರೇಡಿಯೋ ಸ್ಟೇಷನ್ ಇದೆ, ದೆಹಲಿಯಲ್ಲಿ ಅಷ್ಟು ದೊಡ್ಡದಿದೆ, ಹಿಂದಿ ಹಾಡು ಕೇಳೋಕೆ ಸಮುದ್ರದಾಚೆಯ ಕೊಲಂಬೋ ಯಾಕೆ? ಅಪ್ಪ ಮಷೀನ್ ತುಳಿಯುತ್ತಲೇ, "ಒಬ್ಬ ಮಂತ್ರಿ ಬ್ಯಾಡ ಅಂದಿದ್ದ, ಅದಕ್ಕ" ಅಂದ. ನಾನು ತಮಾಷೆ ಅಂದುಕೊಂಡೆ. ತಮಾಷೆ ಆಗಿರಲಿಲ್ಲ.

ಮಂತ್ರಿಯ ಹೆಸರು ಬಿ.ವಿ. ಕೇಸ್ಕರ್. 1952ರಿಂದ 1962ರವರೆಗೆ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆ. ಪ್ಯಾರಿಸ್‌ನಲ್ಲಿ ಓದಿದವರು, ಶಾಸ್ತ್ರೀಯ ಸಂಗೀತ ಕಲಿತವರು. ಸಿನಿಮಾ ಹಾಡು ಅಂದರೆ ಅವರಿಗೆ ಆಗುತ್ತಿರಲಿಲ್ಲ. ಅಗ್ಗದ ಸರಕು, ಪಶ್ಚಿಮದ ನಕಲು, ಜನರ ಅಭಿರುಚಿ ಕೆಡಿಸುವ ವಸ್ತು ಅನ್ನುವುದು ಅವರ ಎಣಿಕೆ. ಖಾತೆ ಸಿಕ್ಕ ವರ್ಷವೇ ಚಿತ್ರಗೀತೆಗಳ ಸಮಯಕ್ಕೆ ಕತ್ತರಿ ಬಿತ್ತು. ಉಳಿದ ಹಾಡುಗಳಿಗೂ ಜರಡಿ ಹಿಡಿದರು. ಮೇಲಿಂದ ಇನ್ನೊಂದು ನಿಯಮ: ಹಾಡಿದವರ ಹೆಸರು ಹೇಳಬಹುದು, ಸಿನಿಮಾದ ಹೆಸರು ಹೇಳುವಂತಿಲ್ಲ, ಹೇಳಿದರೆ ಪುಕ್ಕಟೆ ಜಾಹೀರಾತಾಗುತ್ತದೆ. ನಿರ್ಮಾಪಕರು ಸಿಟ್ಟಾದರು. ನಮ್ಮ ಹಾಡು ನೀವು ಹಾಕೋದೇ ಬೇಡ ಅಂತ ಪರವಾನಗಿ ವಾಪಸ್ ಪಡೆದರು. ಸರ್ಕಾರಿ ರೇಡಿಯೋದಿಂದ ಸಿನಿಮಾ ಹಾಡು ಹೆಚ್ಚೂಕಡಿಮೆ ಮಾಯವೇ ಆಯಿತು.

ಯೋಚನೆ ಮಾಡಿ. ಸ್ವಾತಂತ್ರ್ಯ ಬಂದು ಐದು ವರ್ಷ. ಒಬ್ಬ ಪ್ರಾಮಾಣಿಕ ಮನುಷ್ಯ, ಲಂಚ ತಿನ್ನದವನು, ಸಂಗೀತವನ್ನು ನಿಜಕ್ಕೂ ಪ್ರೀತಿಸುವವನು, ಕೋಟ್ಯಂತರ ಜನರ ದಿನದೊಳಗಿಂದ ಅವರ ಹಾಡನ್ನು ಎತ್ತಿ ಪಕ್ಕಕ್ಕಿಟ್ಟ. ಅವರ ಒಳ್ಳೆಯದಕ್ಕೇ ಅಂತ.

ಕೊಲಂಬೋದಲ್ಲಿ ಒಂದು ಬಲವಾದ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಇತ್ತು. ಎರಡನೇ ಮಹಾಯುದ್ಧದಲ್ಲಿ ಮೌಂಟ್‌ಬ್ಯಾಟನ್ ಅವರ ಆಗ್ನೇಯ ಏಷ್ಯಾ ಸೇನಾ ಕಮಾಂಡು ತನ್ನ ಸೈನಿಕರಿಗೆ ಹಾಡು, ಸುದ್ದಿ ಕೇಳಿಸೋಕೆ ಇಟ್ಟುಕೊಂಡಿದ್ದ ಯಂತ್ರ. ಯುದ್ಧ ಮುಗಿದಮೇಲೆ ಸಿಲೋನ್ ಸರ್ಕಾರದ ಕೈಗೆ ಬಂತು. ದೆಹಲಿ ಬಾಗಿಲು ಹಾಕಿದ್ದೇ ತಡ, ಜಾಹೀರಾತು ಕಂಪನಿಗಳು ಅಲ್ಲಿಗೆ ಓಡಿದವು. 1952ರ ಡಿಸೆಂಬರ್ 3ರಂದು ಒಂದು ಟೂತ್‌ಪೇಸ್ಟಿನ ಹೆಸರಲ್ಲಿ ಬಿನಾಕಾ ಗೀತಮಾಲಾ ಶುರುವಾಯಿತು. ನಡೆಸಿಕೊಟ್ಟ ಹುಡುಗ ಸಯಾನಿಗೆ ಆಗಿನ್ನೂ 20 ತುಂಬಿರಲಿಲ್ಲ. ಮುಂಬೈಯಲ್ಲಿ ಧ್ವನಿಮುದ್ರಣ, ಟೇಪು ಕೊಲಂಬೋಗೆ, ಅಲ್ಲಿಂದ ವಾಪಸ್ ನಮ್ಮ ಆಕಾಶಕ್ಕೆ. ಮುಂಬೈಯ ಹಾಡು ಮುಂಬೈಯ ಪಕ್ಕದ ಊರಿಗೆ ಬರೋಕೆ ಸಿಲೋನ್ ಸುತ್ತಬೇಕಾಯಿತು!

ಆ ಕಾಲದ್ದೊಂದು ಜೋಕಿದೆ. ಹತ್ತು ಮನೆಯ ರೇಡಿಯೋ ನೋಡಿದರೆ ಒಂಬತ್ತು ಸಿಲೋನಿಗೆ ಹಚ್ಚಿರುತ್ತವೆ, ಹತ್ತನೆಯದು ಕೆಟ್ಟಿರುತ್ತದೆ.

ಈಗ ಕೇಸ್ಕರ್ ಅವರನ್ನು ಬೈದು ಮುಗಿಸೋದು ಸುಲಭ. ನನ್ನ ಕಸುಬೇ ಅದು, ಅರ್ಧ ಗಂಟೆ ಬೈಯಬಲ್ಲೆ. ಆದರೆ ನ್ಯಾಯ ಅನ್ನೋದೊಂದಿದೆ. ಸಂಸ್ಥಾನಗಳು ವಿಲೀನವಾದಾಗ ಆಸ್ಥಾನ ನಂಬಿಕೊಂಡಿದ್ದ ವಿದ್ವಾಂಸರು, ಉಸ್ತಾದರು ಬೀದಿಗೆ ಬೀಳುವ ಸ್ಥಿತಿ. ಆಗ ರಾಜನ ಜಾಗದಲ್ಲಿ ನಿಂತದ್ದು ರೇಡಿಯೋ. ಶನಿವಾರ ರಾತ್ರಿಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ 1952ರಲ್ಲಿ, ರೇಡಿಯೋ ಸಂಗೀತ ಸಮ್ಮೇಳನ 1954ರಲ್ಲಿ, ಎರಡೂ ಕೇಸ್ಕರ್ ಕಾಲದವು. ಧಾರವಾಡ ಕೇಂದ್ರ ಅದಕ್ಕೂ ಮುಂಚೆ, 1950ರ ಜನವರಿ 8ರಂದೇ ಶುರುವಾಗಿತ್ತು. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ಧ್ವನಿ ಟಿಕೆಟ್ ಇಲ್ಲದೆ ನಮ್ಮಂಥವರ ಮನೆಗೆ ಬಂದದ್ದು ಈ ಸರ್ಕಾರಿ ಪೆಟ್ಟಿಗೆಯಿಂದಲೇ. ಸಿನಿಮಾ ಹಾಡಿನ ಬದಲಿಗೆ ಒಳ್ಳೆಯ ಕವಿತೆಗೆ ರಾಗ ಹಾಕಿ ಕೊಡೋಣ ಅಂತ ಆಕಾಶವಾಣಿ ಬೆಳೆಸಿದ ಲಘು ಸಂಗೀತದ ಹೊಲದಲ್ಲಿ ನಮ್ಮ ಕನ್ನಡದ ಸುಗಮ ಸಂಗೀತಕ್ಕೂ ಗೊಬ್ಬರ ಸಿಕ್ಕಿತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಮನೆಮನೆಗೆ ಹೋಯಿತಲ್ಲ, ಅಷ್ಟೊತ್ತಿಗೆ ಭಾವಗೀತೆ ಕೇಳುವ ಕಿವಿಗಳನ್ನು ರೇಡಿಯೋ ತಯಾರು ಮಾಡಿಟ್ಟಿತ್ತು.

ಹಾಗಾದರೆ ಮಂತ್ರಿಗಳು ಎಡವಿದ್ದೆಲ್ಲಿ? ನನಗನ್ನಿಸೋದು ಇಷ್ಟು. ಅವರಿಗೆ ಸಂಗೀತ ಚೆನ್ನಾಗಿ ಗೊತ್ತಿತ್ತು. ಜನರ ದಿನ ಹೇಗೆ ಕಳೆಯುತ್ತದೆ ಅನ್ನೋದು ಗೊತ್ತಿರಲಿಲ್ಲ. ಅವರ ಪ್ರಕಾರ ಸಂಗೀತ ಅಂದರೆ ಕೆಲಸ ಮುಗಿಸಿ, ಕೈಕಾಲು ತೊಳೆದು, ಎದುರು ಕೂತು ಕೇಳುವ ವಿದ್ಯೆ. ದಿನಕ್ಕೆ ಹತ್ತು ತಾಸು ಪೆಡಲ್ ತುಳಿಯುವವನಿಗೆ ಅದು ಕೆಲಸದ ಒಳಗೇ ಬೇಕು.

ನಮ್ಮ ಅಜ್ಜಿಗೆ ಇದು ಮಂತ್ರಿಗಿಂತ ಚೆನ್ನಾಗಿ ಗೊತ್ತಿತ್ತು. ನಸುಕಿನಲ್ಲಿ ಎದ್ದು ಬೀಸುವ ಕಲ್ಲಿನ ಮುಂದೆ ಕೂತರೆ ಪದ ತಾನಾಗಿ ಬರುತ್ತಿತ್ತು. ಕೈ ತಿರುಗುವ ಲೆಕ್ಕಕ್ಕೇ ಸಾಲು, ಸಾಲಿನ ಲೆಕ್ಕಕ್ಕೇ ಕಾಳು. ತವರಿನ ನೆನಪು, ಅತ್ತೆಯ ಕಾಟ, ಹೆತ್ತ ಮಗುವಿನ ಚೆಲುವು, ಯಾರ ಮುಂದೂ ಆಡಲಾಗದ್ದೆಲ್ಲ ಆ ಕಲ್ಲಿನ ಮುಂದೆ ಹಾಡಾಗುತ್ತಿತ್ತು. ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಊರೂರು ತಿರುಗಿ ಬರೆದುಕೊಂಡು 'ಗರತಿಯ ಹಾಡು' ಮಾಡಿದರು, ಅವರ ಪುಣ್ಯ ದೊಡ್ಡದು. ಊರಿಗೆ ಹಿಟ್ಟಿನ ಗಿರಣಿ ಬಂತು. ಅಜ್ಜಿಯ ರಟ್ಟೆನೋವು ಹೋಯಿತು, ಪದವೂ ಹೋಯಿತು. ಕಲ್ಲಿಲ್ಲದೆ ಹಾಡು ಅಂದರೆ ಆಕೆಗೆ ಎರಡನೇ ಸಾಲು ನೆನಪಾಗುತ್ತಿರಲಿಲ್ಲ.

ಬ್ರಿಟಿಷರಿಗೂ ಇದು ಗೊತ್ತಿತ್ತು, ತಮ್ಮ ಊರಿನಲ್ಲಿ ಮಾತ್ರ. 1940ರ ಜೂನ್ 23ರಂದು ಬಿಬಿಸಿ 'ಮ್ಯೂಸಿಕ್ ವೈಲ್ ಯು ವರ್ಕ್' ಅಂತ ಕಾರ್ಯಕ್ರಮ ಶುರುಮಾಡಿತು, ಯುದ್ಧಸಾಮಗ್ರಿ ತಯಾರಿಸುವ ಕಾರ್ಖಾನೆಗಳಿಗೆ, ದಿನಕ್ಕೆ ಎರಡು ಸಲ ಹಾಡು. ಕೆಲಸದ ಬೇಸರ ಕಳೆಯಲಿ, ಕೈ ಚುರುಕಾಗಲಿ ಅಂತ. ಚಪ್ಪಾಳೆ ತಟ್ಟುವ ಜಾಗವಿದ್ದ ಒಂದು ಜನಪ್ರಿಯ ಹಾಡನ್ನು ಕೈಬಿಟ್ಟಿದ್ದರು. ಕಾರ್ಮಿಕರು ಚಪ್ಪಾಳೆಯ ಬದಲು ಕೈಯಲ್ಲಿದ್ದ ಸಲಕರಣೆಯಿಂದ ಯಂತ್ರಕ್ಕೇ ಬಡಿಯುತ್ತಾರೆ ಅನ್ನುವ ಭಯಕ್ಕೆ! ಅದೇ 1940ರ ಮಾರ್ಚ್ 1ರಿಂದ, ಅದೇ ಬ್ರಿಟಿಷರ ಕೈಯಲ್ಲಿದ್ದ ನಮ್ಮ ಆಲ್ ಇಂಡಿಯಾ ರೇಡಿಯೋದಲ್ಲಿ ಏನಾಯಿತು ಗೊತ್ತಾ? ಹಾರ್ಮೋನಿಯಂ ನಿಷೇಧ. ಅದು ಪರದೇಶಿ ವಾದ್ಯ, ಶ್ರುತಿಯ ಸೂಕ್ಷ್ಮ ಅದರಲ್ಲಿ ಬರಲ್ಲ ಅಂತ. ನಮ್ಮವರೂ ತಲೆ ಆಡಿಸಿದರು. ರವೀಂದ್ರನಾಥ ಟ್ಯಾಗೋರರೇ ಹಾರ್ಮೋನಿಯಂ ಬೇಡ ಅಂತ ಪತ್ರ ಬರೆದಿದ್ದರು. ಸ್ವಾತಂತ್ರ್ಯ ಬಂದರೂ ನಿಷೇಧ ಹೋಗಲಿಲ್ಲ, ಸಡಿಲವಾಗಿದ್ದು 1971ರ ಹೊತ್ತಿಗೆ. ಶ್ರುತಿಯ ತಕರಾರು ಸುಳ್ಳಲ್ಲ, ತಿಳಿದವರು ಹೇಳಿದ್ದೇ. ಆದರೆ ಆ 30 ವರ್ಷವೂ ನಮ್ಮ ಊರಿನ ಭಜನಾ ಮಂಡಳಿಯಲ್ಲಿ, ಕಂಪನಿ ನಾಟಕದ ಪಿಟ್ಟಿನಲ್ಲಿ, ಹರಿಕಥೆಯ ಚಪ್ಪರದಲ್ಲಿ ಅದೇ ಪೆಟ್ಟಿಗೆ ಉಸಿರಾಡುತ್ತಲೇ ಇತ್ತು. ಯಾರೂ ದೆಹಲಿಯನ್ನು ಕೇಳಲಿಲ್ಲ.

ಕೊನೆಗೆ ದೆಹಲಿಯೇ ಬಗ್ಗಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬಂತು. ಚಿತ್ರಗೀತೆಗೆ ಅಂತಲೇ ಸರ್ಕಾರಿ ವಾಹಿನಿ, ಮಂತ್ರಿಯೂ ಅದೇ ಕೇಸ್ಕರ್. ತಾವೇ ಹೊರಗೆ ಹಾಕಿದ್ದನ್ನು ತಾವೇ ಒಳಗೆ ಕರೆಯಬೇಕಾದಾಗ ಮನಸ್ಸಿಗೆ ಏನೆನ್ನಿಸಿತೋ. ನನಗೆ ಸ್ವಲ್ಪ ಪಾಪ ಅನ್ನಿಸುತ್ತದೆ. ಸಿಲೋನ್ ಹುಚ್ಚು ಮಾತ್ರ ಆಮೇಲೂ ಇಳಿಯಲಿಲ್ಲ. ಗೀತಮಾಲಾ ವಿವಿಧ ಭಾರತಿಗೆ ಬಂದದ್ದು 1989ರಲ್ಲಿ.

ಕೇಸ್ಕರ್ ಅವರನ್ನು ಒಂದು ದಿನ ನಮ್ಮ ಅಂಗಡಿಯಲ್ಲಿ ಕೂರಿಸಬೇಕಿತ್ತು. ಸಿನಿಮಾ ಹಾಡು ಬಂದಾಗ ಅಪ್ಪನ ಕಾಲು ಪೆಡಲ್ಲಿನ ಮೇಲೆ ತಾನಾಗಿ ಓಡೋದು. ಲತಾ ಹಾಡು ಒಂದು ಮುಗಿಯುವಷ್ಟರಲ್ಲಿ ಒಂದು ತೋಳು ಹೊಲಿದಾಗಿರುತ್ತಿತ್ತು. ಧಾರವಾಡ ಕೇಂದ್ರದಿಂದ ಮನ್ಸೂರರ ಗಾಯನ ಬಂದರೆ ಮಾತ್ರ ಅಪ್ಪ ಕತ್ತರಿ ಕೆಳಗಿಟ್ಟುಬಿಡುತ್ತಿದ್ದ. ಟೇಪು ಕೊರಳಲ್ಲೇ, ಕಣ್ಣು ಮುಚ್ಚಿ ಗೋಡೆಗೆ ಒರಗೋದು. ಗಿರಾಕಿ ಬಂದರೆ ಕೈಯೆತ್ತಿ, ನಿಲ್ಲು ಅನ್ನೋದು. ಒಮ್ಮೆ ನಾನು, ಇದಕ್ಕೂ ಮಷೀನ್ ತುಳಿ ಅಂದೆ. "ಅದು ಕಾಲಿಂದು, ಇದು ಕಿವೀದು. ಎರಡೂ ಬೇಕಲೇ" ಅಂದ. ನಾಲ್ಕನೇ ಇಯತ್ತೆ ಓದಿದ ಮನುಷ್ಯ. ಅಭಿರುಚಿ ತಿದ್ದಿಸಿಕೊಳ್ಳುವ ಅಗತ್ಯ ಅವನಿಗೇನಿತ್ತು?

ಇನ್ನು ನನ್ನ ಕಡೆಗೆ ಬರ್ತೀನಿ, ತಪ್ಪಿಸಿಕೊಳ್ಳೋದು ಬೇಡ. ಮಂತ್ರಿ ಒಬ್ಬರು ಹಾಡು ಕಿತ್ತುಕೊಂಡರು ಅಂತ ಇಷ್ಟುದ್ದ ಹೇಳಿದೆನಲ್ಲ, ನಾವು ಟಿವಿಯವರು ಏನು ಮಾಡ್ತಿದ್ದೀವಿ? ಸುದ್ದಿ ಓದುವಾಗ ಕೆಳಗೆ ಒಂದು ಶಬ್ದ ಓಡುತ್ತಿರುತ್ತದೆ, ನೀವು ಗಮನಿಸಿದ್ದೀರೋ ಇಲ್ಲವೋ. ಢಂ, ಢಂ, ಮೇಲೆ ಒಂದು ಚೀರುವ ವಯಲಿನ್. ಅಪಘಾತಕ್ಕೂ ಅದೇ, ಮಳೆಗೂ ಅದೇ, ಈರುಳ್ಳಿ ಬೆಲೆಗೂ ಅದೇ. ರಾತ್ರಿ ಊಟದ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ಇವತ್ತು ಕೇಳಿಸುವ ಸಂಗೀತ ಅದು. ನಿಮ್ಮ ಎದೆಬಡಿತ ಏರಿಸೋಕೆ ಅಂತಲೇ ಆರಿಸಿಟ್ಟದ್ದು. ಅದನ್ನು ಬೇಡ ಅಂತ ನಾನು ಮೀಟಿಂಗಿನಲ್ಲಿ ಒಂದು ಸಲವೂ ಬಾಯಿಬಿಟ್ಟಿರಲಿಲ್ಲ. ಸಯಾನಿ ಸಾವಿನ ಆ 40 ಸೆಕೆಂಡಿನ ಕೆಳಗೂ ಅದೇ ಓಡಿತ್ತು. ಅವ್ವನಿಗೆ ಸಿಟ್ಟು ಬಂದದ್ದು ಅದಕ್ಕೂ ಇರಬೇಕು.

ಮಾರನೇ ದಿನ ರಾತ್ರಿ ಒಂಬತ್ತರ ಬುಲೆಟಿನ್ನಿನಲ್ಲಿ ಸಯಾನಿಗೆ ಇನ್ನೊಂದು ಮೂರು ನಿಮಿಷ ಜಗಳ ಮಾಡಿ ಪಡೆದೆ. ಆ ಮೂರು ನಿಮಿಷ ಕೆಳಗಿನ ಶಬ್ದ ತೆಗೆದುಬಿಡಿ ಅಂತ ಸೌಂಡಿನ ಹುಡುಗನಿಗೆ ಹೇಳಿಟ್ಟಿದ್ದೆ. ತೆಗೆದ. ಸ್ಟುಡಿಯೋದಲ್ಲಿ ನನ್ನ ಧ್ವನಿ ಬಿಟ್ಟರೆ ಏನೂ ಇಲ್ಲ. ಎರಡನೇ ವಾಕ್ಯದಲ್ಲಿದ್ದೆ, ಕಿವಿಯೊಳಗಿನ ಇಯರ್‌ಪೀಸಿನಲ್ಲಿ ಕಂಟ್ರೋಲ್ ರೂಮಿನಿಂದ ಗಾಬರಿಯ ದನಿ: "ಸರ್, ಸರ್, ಒಂದ್ನಿಮಿಷ, ಆಡಿಯೋ ಹೋಗಿದೆ."